ಗಾಳಿಗೆ ಬೆನ್ನು ಕೊಟ್ಟವನು

ಫೆಬ್ರವರಿ 4, ಬೆಳಿಗ್ಗೆ

ಗಾಳಿ ಪಡುವಣದಿಂದ, ಹಗುರ. ಮಾಡಿಗೆ ಶೀಟು ಹಾಕುವ ಕೆಲಸ ಬಿಟ್ಟು ಒಂಬತ್ತು ವರ್ಷ ಆಯಿತು, ಎದ್ದ ಕೂಡಲೇ ಗಾಳಿ ನೋಡುವ ಚಾಳಿ ಮಾತ್ರ ಹೋಗಿಲ್ಲ. ಮೇಸ್ತ್ರಿ ಕಲಿಸಿದ ಮೊದಲ ಪಾಠ ಅದು. ಗಾಳಿಗೆ ಬೆನ್ನು ಕೊಟ್ಟು ನಿಂತು ಗರಗಸ ಹಿಡಿ, ಇಲ್ಲದಿದ್ದರೆ ಶೀಟಿನ ಪುಡಿಯೆಲ್ಲ ಕಣ್ಣಿಗೆ. ಮೂವತ್ತೊಂದು ವರ್ಷ ಹಾಗೇ ನಿಂತೆ. ಬರೆಯುವ ಚಾಳಿಯೂ ಅಲ್ಲಿಂದಲೇ ಬಂದದ್ದು. ಆಗ ಬರೆಯುತ್ತಿದ್ದದ್ದು ಯಾವ ಮನೆ, ಎಷ್ಟು ಶೀಟು, ಎಷ್ಟು ಬೋಲ್ಟು. ಈಗ ಮೊಣಕಾಲು ನೋವು ಬಿಟ್ಟರೆ ಬರೆಯಲು ಏನಿದೆ.

ತಂಗಿಯ ಮಗಳ ಫೋನು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಮನೆಯವರಿಗೂ ಬಿಡದೆ ಕಲಿಸುತ್ತಾಳೆ. ಅದಕ್ಕೇ ನಾನು ಟೀಚರಮ್ಮ ಅನ್ನುವುದು. ಅಮ್ಮನ ಕೆಮ್ಮು ಮೂರು ತಿಂಗಳಾದರೂ ನಿಂತಿಲ್ಲವಂತೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಸುತ್ತ ನೀರು ಕಂಡಿದೆಯಂತೆ. ಆಮೇಲೆ ಕೇಳಿದಳು — ನಮ್ಮ ಮನೆ ಮೇಲಿರುವುದು ಆಸ್‌ಬೆಸ್ಟಾಸ್ ಶೀಟಾ?

ಹಾಕಿದವನನ್ನೇ ಕೇಳುತ್ತಾಳೆ. ಬಂದು ನೋಡುತ್ತೇನೆ ಎಂದೆ.

ಫೆಬ್ರವರಿ 6

ಗಾಳಿ ಇಲ್ಲ. ತಂಗಿಯ ಮನೆಗೆ ಹೋಗಿದ್ದೆ. ದರ್ಜಿ ತನ್ನ ಸ್ಟೂಲನ್ನೇ ನನಗೆ ಕೊಟ್ಟು ನಿಂತುಕೊಂಡ. ತಂಗಿಯ ಗಂಡ ಅವನು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಅದರ ಸದ್ದಿನಲ್ಲೇ ಆಯುಷ್ಯ ಕಳೆದವನು. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ದರ್ಜಿ ಎಂದೇ.

ಮೇಲೆ ನೋಡಿದೆ. ಮೂವತ್ತನಾಲ್ಕು ವರ್ಷದ ಶೀಟು. ಒಂದು ಸೀಳಿಲ್ಲ, ಒಂದು ಬೋಲ್ಟು ಸಡಿಲವಿಲ್ಲ. ಈಗಿನವರು ಮೆಷಿನ್ನಿನಲ್ಲಿ ಗುರ್ರೆನ್ನಿಸಿ ಹಾಕಿ ಹೋಗುತ್ತಾರೆ, ಎರಡನೇ ವರ್ಷಕ್ಕೆ ಸೋರುತ್ತದೆ. ಆಸ್‌ಬೆಸ್ಟಾಸೇ ಎಂದು ಹೇಳಿದೆ. ಆ ಕಾಲದಲ್ಲಿ ಬೇರೆ ಶೀಟು ಯಾರು ಕೊಡುತ್ತಿದ್ದರು? ಟೀಚರಮ್ಮ ಪುಸ್ತಕದಲ್ಲಿ ಬರೆದುಕೊಂಡಳು. ಆದರೂ ಲ್ಯಾಬಿಗೆ ಕಳಿಸಬೇಕಂತೆ. ಮಾಮನ ಮಾತಿಗಿಂತ ಲ್ಯಾಬಿನ ಕಾಗದ ದೊಡ್ಡದು.

ತಂಗಿ ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಾಳೆ. ಹಾಗೆ ನಿಂತು ನಿಂತೇ ನನ್ನನ್ನು ಹೊಗಳಿದಳು. ಅಣ್ಣ ಹಾಕಿದ ಮಾಡು, ಇಷ್ಟು ವರ್ಷದಲ್ಲಿ ಒಂದು ಹನಿ ಒಳಗೆ ಬಿದ್ದಿಲ್ಲ ಅಂತ. ಮುಖ ಸಣ್ಣಗಾಗಿದೆ. ನೋಡಲು ಕಷ್ಟವಾಯಿತು.

ಫೆಬ್ರವರಿ 11

ಗಾಳಿ ಮೂಡಣದಿಂದ. ಟೆಸ್ಟಿನವನು ಬಂದ. ಮೊಮ್ಮಗನ ವಯಸ್ಸು ಇರಬೇಕು, ನನಗೆ ಮೊಮ್ಮಗ ಇದ್ದಿದ್ದರೆ. ಏಣಿ ನಾನೇ ಹಿಡಿದೆ. ಮೈಗೆ ಬಿಳಿ ಅಂಗಿ, ಕೈಗೆ ಗ್ಲೌಸು, ಮೂಗಿಗೆ ದಪ್ಪ ಮಾಸ್ಕು. ಮೊದಲು ಸ್ಪ್ರೇ ಬಾಟಲಿಯಲ್ಲಿ ಶೀಟಿನ ಮೂಲೆ ಒದ್ದೆ ಮಾಡಿದ. ಉಗುರಿನಷ್ಟು ಚೂರು ಮುರಿದ. ಅದನ್ನು ಒಂದು ಕವರಿಗೆ, ಆ ಕವರನ್ನು ಇನ್ನೊಂದು ಕವರಿಗೆ. ಮುರಿದ ಜಾಗಕ್ಕೆ ಅಂಟು ಹಚ್ಚಿದ.

ಇಷ್ಟು ಚೂರಿಗೆ ಇಷ್ಟು ವೇಷವಾ ಎಂದು ನಕ್ಕೆ. ಅವನು ನಗಲಿಲ್ಲ.

"ಒಣಗಿದ್ದನ್ನ ಪುಡಿ ಮಾಡಬಾರದು ಸಾರ್. ಅದರಲ್ಲಿರೋ ನಾರು ಕಣ್ಣಿಗೆ ಕಾಣಲ್ಲ. ಒಳಗೆ ಹೋದರೆ ಆಚೆ ಬರಲ್ಲ."

ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ಶೀಟು ಕುಯ್ದಿದ್ದೇನಪ್ಪ, ಒಂದು ಕೆಮ್ಮೂ ಇಲ್ಲ ಎಂದೆ. ನಿಮ್ಮ ಅದೃಷ್ಟ ಎಂದ. ಚಹಾ ಕುಡಿಯದೆ ಹೋದ.

ಒಣಗಿದ್ದನ್ನ ಎಂದನಲ್ಲ...

ಫೆಬ್ರವರಿ 12

ಏನೂ ಬರೆಯಬೇಕು ಅನ್ನಿಸುತ್ತಿಲ್ಲ.

ಫೆಬ್ರವರಿ 20

ರಿಪೋರ್ಟ್ ಬಂತು. ಆಸ್‌ಬೆಸ್ಟಾಸ್ ಹೌದು. ಆದರೆ ಟೆಸ್ಟಿನವನು ಫೋನಿನಲ್ಲಿ ಹೇಳಿದ್ದು ಬೇರೆ. ಶೀಟು ಗಟ್ಟಿಯಾಗಿದೆ, ತೂತು ಕೊರೆಯದೆ, ಉಜ್ಜದೆ, ಜೋರು ನೀರು ಬಿಡದೆ, ಹಾಗೇ ಬಿಟ್ಟು ಮೇಲೆ ಬಣ್ಣ ಹೊಡೆಸಿದರೂ ನಡೆಯುತ್ತದೆ ಅಂತ. ಮುಟ್ಟದಿದ್ದರೆ ಅದರ ಪಾಡಿಗೆ ಅದು ಇರುತ್ತದಂತೆ.

ಟೀಚರಮ್ಮ ಒಪ್ಪಲಿಲ್ಲ. ಅಮ್ಮನ ತಲೆ ಮೇಲೆ ಅದು ಇನ್ನೊಂದು ತಿಂಗಳೂ ಇರಕೂಡದು ಎಂದಳು. ದರ್ಜಿ ಮೆಷಿನ್ ನಿಲ್ಲಿಸಿ ಮೇಲೆ ನೋಡಿದ, ಶತ್ರುವನ್ನು ನೋಡಿದ ಹಾಗೆ. ಮನೆಯವರೆಲ್ಲ ಸೇರಿ ಮಾಡನ್ನು ಬೈದರು. ನಾನೂ ಬೈದೆ. ಎರಡು ಮಾತು ಹೆಚ್ಚಾಗಿಯೇ ಬೈದೆ.

ಫೆಬ್ರವರಿ 24, ಸಂಜೆ

ಆಸ್ಪತ್ರೆಗೆ ನಾನೂ ಹೋದೆ. ಹೋಗಬಾರದಿತ್ತು. ಡಾಕ್ಟರಮ್ಮ ಒಳ್ಳೆಯವರು, ನಿಧಾನವಾಗಿ ಮಾತಾಡುತ್ತಾರೆ. ಶ್ವಾಸಕೋಶದ ಪೊರೆ ದಪ್ಪಗಾಗಿದೆ, ಚೂರು ತೆಗೆದು ನೋಡಬೇಕು ಎಂದರು. ಆಮೇಲೆ ತಂಗಿಯ ಕಡೆ ತಿರುಗಿ ಕೇಳಿದರು.

"ಬರೀ ಆ ಮಾಡಿನ ಕೆಳಗೆ ಇದ್ದಿದ್ದಕ್ಕೆ ಸಾಮಾನ್ಯವಾಗಿ ಇಷ್ಟಾಗಲ್ಲಮ್ಮ. ಆ ಪುಡೀನ ನೀವು ಯಾವಾಗಲಾದರೂ ಕೈಯಲ್ಲಿ ಮುಟ್ಟಿ ಕೆಲಸ ಮಾಡಿದ್ದೀರಾ? ಮನೆಗೆ ಯಾರಾದರೂ ತರ್ತಿದ್ದರಾ?"

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಅಂದಳು. ನೆನಪಾದರೆ ಬರೆದು ತನ್ನಿ, ಬೇರೆ ಯಾರಾದರೂ ಮುಟ್ಟಿದ್ದರೆ ಅವರನ್ನೂ ನೋಡಬೇಕಾಗುತ್ತೆ ಎಂದು ಡಾಕ್ಟರಮ್ಮ ಒಂದು ಫಾರಂ ಕೊಟ್ಟರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆ.

ಇಲ್ಲಿ ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ತಂದವನು ನಾನು. ಪ್ರತಿ ಶನಿವಾರ, ಹನ್ನೊಂದು ವರ್ಷ. ಶೀಟು ಕುಯ್ದಾಗ ಬೀಳುವ ಪುಡಿ ಪಾತ್ರೆ ಉಜ್ಜಲು ಚೆನ್ನ ಅಂತ ನಮ್ಮ ಗ್ಯಾಂಗಿನವರೆಲ್ಲ ಮನೆಗೆ ಒಯ್ಯುತ್ತಿದ್ದರು. ಅವರು ಹಾಗೇ ಬಾಚಿ ಒಯ್ದರು. ನಾನು ಹಾಗೇ ಒಯ್ಯಲಿಲ್ಲ. ಒಬ್ಬಳೇ ತಂಗಿ. ಅವಳ ಕೈ ಗೀರಬಾರದೆಂದು ದರ್ಜಿಯ ಹತ್ತಿರವೇ ಒಂದು ತುಂಡು ತೆಳು ಬಟ್ಟೆ ಇಸಿದುಕೊಂಡು, ಜರಡಿ ಹಿಡಿದು, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ ಮಾಡಿ ಡಬ್ಬಿ ತುಂಬಿದೆ. ನೀರು ಹಾಕಬೇಡ, ಒಣದಾಗಿದ್ದರೇ ಹಿಡಿತ ಜಾಸ್ತಿ ಅಂತ ಹೇಳಿಕೊಟ್ಟವನೂ ನಾನೇ. ಅವಳ ಪಾತ್ರೆ ತೊಳೆಯುವ ಜಾಗ ಅಡುಗೆಮನೆಯ ಮೂಲೆ. ಕಿಟಕಿ ಇಲ್ಲ. ಅಲ್ಲಿ ಬೆನ್ನು ಕೊಡಲು ಗಾಳಿಯೇ ಇರಲಿಲ್ಲ.

ಅವಳ ಪಾತ್ರೆ ಬೀದಿಗೆಲ್ಲ ಹೊಳೆಯುತ್ತಿತ್ತು.

ಫೆಬ್ರವರಿ 25

ಇನ್ನೂ ಒಂದಿದೆ. ಅದನ್ನು ನಿನ್ನೆ ಬರೆಯಲು ಕೈ ಬರಲಿಲ್ಲ.

ಆಮೇಲೆ ಗೊತ್ತಾಗಿತ್ತು. ಒಂದು ದಿನ ಕಂಪನಿಯವನೊಬ್ಬ ಬಂದು ಎಲ್ಲರಿಗೂ ಕಾಗದದ ಮಾಸ್ಕು ಹಂಚಿದ. ಪುಡಿ ಎದೆಗೆ ಒಳ್ಳೆಯದಲ್ಲ, ಮನೆಗೆ ಒಯ್ಯಬೇಡಿ ಎಂದ. ನಾವು ಅದನ್ನು ಟೋಪಿ ಮಾಡಿಕೊಂಡು ನಕ್ಕೆವು. ಆದರೆ ಆ ಶನಿವಾರದಿಂದ ನಾನು ಡಬ್ಬಿ ಒಯ್ಯಲಿಲ್ಲ. ತಂಗಿ ಕೇಳಿದಳು. ಈಗ ಸಿಗಲ್ಲ, ಸೋಪಿನ ಪುಡಿ ತಗೋ ಎಂದೆ. ಸಿಗಲ್ಲ ಎಂದೆ. ಕೆಟ್ಟದ್ದು ಎನ್ನಲಿಲ್ಲ. ಇರುವುದನ್ನು ಎಸೆ ಎನ್ನಲಿಲ್ಲ. ಹೇಳಿದ್ದರೆ ಹಿಂದಿನ ಹನ್ನೊಂದು ವರ್ಷದ ಮಾತೂ ಬರುತ್ತಿತ್ತಲ್ಲ. ಅಣ್ಣನ ಮರ್ಯಾದೆ ಉಳಿಯಿತು. ಥೂ.

ಮಾರ್ಚ್ 9

ಕ್ಯಾನ್ಸರ್. ಪೊರೆಯದ್ದು. ತಡವಾಗಿ ಕಾಣಿಸಿಕೊಳ್ಳುವ ಜಾತಿಯಂತೆ, ಮೂವತ್ತು ವರ್ಷ ಸುಮ್ಮನಿದ್ದು ಏಳುತ್ತದಂತೆ. ಎಷ್ಟು ದಿನ ಅಂತ ಟೀಚರಮ್ಮ ಕೇಳಿದಳಂತೆ. ಉತ್ತರ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ 16

ಗಾಳಿ ಇಲ್ಲ. ಅವರಿಗೆ ಬೇಕಾಗಿದ್ದೂ ಅದೇ.

ಮಾಡು ಇಳಿಸಿದರು. ತಂಗಿ, ದರ್ಜಿ ಪಕ್ಕದ ಮನೆಯಲ್ಲಿದ್ದಾರೆ. ಅಲ್ಲಿಯ ಮುದುಕಿ ಹಳೆಯ ಸ್ನೇಹ, ಒಂದು ಕೋಣೆ ಬಿಟ್ಟುಕೊಟ್ಟಿದ್ದಾಳೆ. ನಾನು ಎದುರಿನ ಕಟ್ಟೆಯಲ್ಲಿ ಕುಳಿತು ನೋಡಿದೆ. ನಾಲ್ಕು ಜನ, ತಲೆಯಿಂದ ಕಾಲಿನವರೆಗೆ ಬಿಳಿ. ಮೊದಲು ಎಲ್ಲ ಒದ್ದೆ ಮಾಡಿದರು. ಬೋಲ್ಟು ಮಾತ್ರ ಕತ್ತರಿಸಿ, ಶೀಟು ಮುರಿಯದೆ, ಒಂದೊಂದಾಗಿ ಕೈಯಿಂದ ಕೈಗೆ ಇಳಿಸಿದರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಹಾಕಿ, ಚೀಟಿ ಅಂಟಿಸಿದರು. ಕೆಲಸ ಗೊತ್ತಿರುವವರು. ಬೈಯಲು ಏನೂ ಸಿಗಲಿಲ್ಲ.

ಮೂರನೇ ಶೀಟಿನ ಅಡಿಯಲ್ಲಿ ನನ್ನ ಪೆನ್ಸಿಲ್ ಗೆರೆ ಹಾಗೇ ಇತ್ತು. ಅಳತೆ, ಪಕ್ಕದಲ್ಲಿ 'ತಂಗಿ ಮನೆ' ಎಂದು ಬರೆದದ್ದು. ಅದನ್ನೂ ಸುತ್ತಿದರು.

ಮಧ್ಯಾಹ್ನ ಅವರ ಮೇಸ್ತ್ರಿ ಅಟ್ಟದಿಂದ ಒಂದು ಡಬ್ಬಿ ತಂದ. ಮುಚ್ಚಳ ಬಿಗಿಯಾಗಿತ್ತು, ತೆಗೆದಿರಲಿಲ್ಲ. ಬಣ್ಣದ ಹಳೆಯ ಡಬ್ಬಿ, ಹಿಡಿಗೆ ನಾನೇ ಕಟ್ಟಿದ ತಂತಿ. ಕೊನೆಯ ಡಬ್ಬಿ. ಇನ್ನು ಸಿಗಲ್ಲ ಎಂದೆನಲ್ಲ, ಜೋಪಾನವಾಗಿ ಎತ್ತಿಟ್ಟಿದ್ದಾಳೆ.

ಇದೇನು ಎಂದು ಟೀಚರಮ್ಮ ನನ್ನನ್ನು ಕೇಳಿದಳು. ಬಾಯಿ ತೆರೆದೆ. ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ನನಗಿಂತ ಮೊದಲು ಹೇಳಿದಳು.

"ಸಿಮೆಂಟು ಕಣೇ. ಬಿರುಕಿಗೆ ತುಂಬೋಕೆ ಇಟ್ಟಿದ್ದು. ಮಾಮನದ್ದೇ, ಅವನಿಗೆ ಕೊಡು."

ಕೊಟ್ಟಳು. ಇಸಿದುಕೊಂಡು ಬಂದೆ. ಕಳ್ಳನ ಹಾಗೆ ಬಂದೆ.

ಮಾರ್ಚ್ 17

ಮುದುಕಿ ಬಿಟ್ಟುಕೊಟ್ಟ ಕೋಣೆಯಲ್ಲಿ ತಂಗಿಯ ಜೊತೆ ಒಬ್ಬನೇ ಕುಳಿತಿದ್ದೆ. ದರ್ಜಿ ಔಷಧಿ ತರಲು ಹೋಗಿದ್ದ. ಅವಳಿಗೆ ದಿಂಬು ಮೂರು ಬೇಕು ಈಗ, ಮಲಗಿದರೆ ಉಸಿರಾಡಲು ಆಗುವುದಿಲ್ಲ. ಪುಡಿಯದೇ ಕೆಲಸ ಅಂತ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಡಾಕ್ಟರು ಕೇಳಿದ ದಿನವೇ."

"ಮತ್ತೆ ಇಲ್ಲ ಅಂದೆ?"

"ನೀನು ಅಲ್ಲೇ ನಿಂತಿದ್ದೆಯಲ್ಲ ಅಣ್ಣ. ನೀನೇ ಹೇಳ್ತೀಯೇನೋ ಅಂತ ಸ್ವಲ್ಪ ಹೊತ್ತು ಕಾದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಸ್ಕು ಕೊಟ್ಟ ದಿನದ ಮಾತನ್ನೂ ಹೇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಮಗಳಿಗೆ ಮಾತ್ರ ಹೇಳಬೇಡ ಅಂದಳು. ಗೊತ್ತಾದರೆ ನಿನ್ನ ಮುಖ ನೋಡಲ್ಲ, ನಾನು ಹೋದ ಮೇಲೆ ನಮ್ಮನೆಯವರಿಗೆ ಮಾತಾಡೋಕೆ ನೀನೊಬ್ಬನೇ ಇರೋದು ಅಂದಳು. ಎಲ್ಲ ಲೆಕ್ಕ ಹಾಕಿ ಇಟ್ಟಿದ್ದಾಳೆ. ನಾನು ಹೂಂ ಎಂದೆ. ಸತ್ಯವಾಗಿ ಹೇಳುವುದಾದರೆ, ಜೀವ ಹಗುರಾಯಿತು. ನಾಚಿಕೆಗೇಡು, ಆದರೆ ಹಗುರಾಯಿತು.

ಆಗ ಗೋಡೆಯ ಆಚೆ ಕೆಮ್ಮು ಕೇಳಿತು. ಒಣ ಕೆಮ್ಮು. ಈ ಒಂದೂವರೆ ತಿಂಗಳಿಂದ ಕೇಳುತ್ತಿರುವ ಅದೇ ಕೆಮ್ಮು, ಆದರೆ ತಂಗಿ ನನ್ನ ಎದುರಿಗೇ ಇದ್ದಾಳೆ.

ಪುಡಿ ಬೇರೆ ಯಾರಿಗಾದರೂ ಕೊಟ್ಟಿದ್ದೆಯಾ ಎಂದು ಕೇಳಿದೆ. ತಂಗಿ ಗೋಡೆಯ ಕಡೆ ನೋಡಿದಳು.

"ಇವಳು ಪಾತ್ರೆ ನೋಡಿ ಆಸೆಪಟ್ಟಳು. ಪ್ರತಿ ಡಬ್ಬೀಲೂ ಅರ್ಧ ಇವಳಿಗೇ ಕೊಡ್ತಿದ್ದೆ. ಇವಳ ಮಗಳು ಆಗ ಚಿಕ್ಕೋಳು, ಪಕ್ಕದಲ್ಲಿ ಕೂತು ಉಜ್ಜೋಳು..."

ಮುಂದೆ ಉಸಿರು ಸಾಲಲಿಲ್ಲ.

ಮುದುಕಿ ಚಹಾ ತಂದುಕೊಟ್ಟಳು. ಲೋಟ ಫಳಫಳ ಹೊಳೆಯುತ್ತಿತ್ತು. ವಯಸ್ಸಾಯಿತು ನೋಡಿ, ಎದೆಯೆಲ್ಲ ಕಫ ಎಂದು ನಕ್ಕಳು. ಕುಡಿದು ಎದ್ದು ಬಂದೆ.

ಮಾರ್ಚ್ 18, ಬೆಳಿಗ್ಗೆ 7.40

ಟೀಚರಮ್ಮನಿಗೆ ಫೋನ್ ಮಾಡಿದೆ. ಶಾಲೆಗೆ ಹೋಗುವ ಮುಂಚೆ ಬರುತ್ತೇನೆ ಎಂದಳು. ಏನು ಮಾಮ, ಮೈ ಹುಷಾರಿಲ್ವಾ ಎಂದು ಗಾಬರಿಯಾದಳು. ಗಾಬರಿಯಾಗುವುದು ಇದೇ ಕೊನೆಯ ಸಲ ಇರಬಹುದು.

ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಹೊರಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಸೇರಿಸಿ ಎರಡು ಕವರಿಗೆ ಹಾಕಿ ಟೇಪು ಸುತ್ತಿದ್ದೇನೆ, ಟೆಸ್ಟಿನವನು ಮಾಡಿದ ಹಾಗೇ. ಡಾಕ್ಟರಮ್ಮನ ಫಾರಂ ತುಂಬಲು ಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದಿದ್ದೇನೆ. ಯಾವ ವರ್ಷದಿಂದ, ಯಾವ ವರ್ಷದವರೆಗೆ. ಒಣದು, ಜರಡಿ ಹಿಡಿದದ್ದು. ತಂದವನು ಅಣ್ಣ. ಮುಟ್ಟಿದವರು ಮೂವರು — ತಂಗಿ, ಪಕ್ಕದ ಮನೆಯಾಕೆ, ಆಕೆಯ ಮಗಳು. ಗೊತ್ತಾದ ಮೇಲೂ ಹೇಳಲಿಲ್ಲ ಎಂಬುದಕ್ಕೆ ಫಾರಂನಲ್ಲಿ ಜಾಗವಿಲ್ಲ. ಅದನ್ನು ಬಾಯಲ್ಲಿ ಹೇಳಬೇಕು.

ತಂಗಿಗೆ ಹೂಂ ಎಂದಿದ್ದೆ. ಅದೂ ಮುರಿಯಿತು.

ಕುರ್ಚಿಯನ್ನು ಬಾಗಿಲಿಗೆ ಎದುರು ಹಾಕಿಕೊಂಡಿದ್ದೇನೆ. ಗಾಳಿ ಪಡುವಣದಿಂದ, ನೇರ ಮುಖಕ್ಕೆ.

ಗೇಟು ಸದ್ದಾಯಿತು. ಚಪ್ಪಲಿ ಬಿಡುತ್ತಿದ್ದಾಳೆ. ಅಲ್ಲಿಂದಲೇ ಕೇಳುತ್ತಿದ್ದಾಳೆ, ತಿಂಡಿ ಆಯ್ತಾ ಮಾಮ ಅಂತ. ಆಯ್ತಮ್ಮ ಎಂದೆ. ಆಗಿಲ್ಲ. ಬಂದವಳಿಗೆ ಹೇಳಿದ ಮೊದಲ ಮಾತೇ ಸುಳ್ಳಾಯಿತು, ಎರಡನೆಯದು