ಫೋಟೋದಲ್ಲಿ ಜಾಗ

ಭಾನುವಾರ, ಮಾರ್ಚ್ ೯.

ಖುಷಿಯಲ್ಲಿ ನನಗೆ ನಿದ್ದೆಯೇ ಹತ್ತಿರ ಸುಳಿಯುತ್ತಿಲ್ಲ. ಇವತ್ತು ಸ್ಟುಡಿಯೋದಲ್ಲಿ ಮನೆಮಂದಿಯ ಫೋಟೋ ತೆಗೆಸಿದೆವು. ಫೋಟೋದವನು "ಗಂಡ ಹೆಂಡ್ತಿ ಜೋಡಿಯಾಗಿ ಹಿಂದೆ ನಿಂತ್ಕೊಳ್ಳಿ" ಎಂದ. ಮೊಮ್ಮಗಳ ಸಂಗಾತಿಯಾಗಿ ಬಾಳುತ್ತಿರುವ ನರ್ಸ್ ಹುಡುಗಿ ಎಲ್ಲರ ಬ್ಯಾಗು ಹೊತ್ತು ಬಾಗಿಲ ಕಡೆ ಸರಿದಳು. ಮೊಮ್ಮಗಳ ಮುಖ ಸಪ್ಪಗಾಯಿತು. ನನಗೆ ರೇಗಿತು.

"ಏ ಹುಡುಗಿ, ಬ್ಯಾಗಿಗೆ ಕುರ್ಚಿ ಇದೆ. ನೀನು ಬಂದು ಇವಳ ಪಕ್ಕ ನಿಂತ್ಕೋ."

"ಅತ್ತಿಗೆ, ಇದನ್ನೆಲ್ಲ ದೇವರು ಮೆಚ್ಚಲ್ಲ," ಎಂದ ಮೈದುನ.

"ನಿನ್ನ ಬಾಯನ್ನೇ ಇಷ್ಟು ವರ್ಷ ತಡ್ಕೊಂಡಿದಾನೆ, ಇದೇನು ಮಹಾ?"

ಮಗ ನೆಲ ನೋಡುತ್ತಿದ್ದ. ಹೊರಟೇ ಹೋಗಿಬಿಟ್ಟರೆ ಎಂದು ಹೆದರಿದೆ. ಅವನು ಹೆಂಡತಿಯ ಕೈ ಹಿಡಿದು ಪಕ್ಕಕ್ಕೆ ಸರಿದು, "ಕರ್ಕೊಳ್ಳಮ್ಮ ಅವಳನ್ನ, ಜಾಗ ಇದೆ" ಎಂದ ತನ್ನ ಮಗಳಿಗೆ.

ಫೋಟೋದವನು ನಗಿ ಎನ್ನುವ ಮೊದಲೇ ನಾನು ಹಲ್ಲುಸೆಟ್ಟು ಬೀಳುವಷ್ಟು ನಕ್ಕುಬಿಟ್ಟಿದ್ದೆ.