ಬಾಗಿಲಲ್ಲಿ ಬಿದ್ದ ಕುದುರೆ

ಕೊಟ್ಟೂರು
೧೮ ನವೆಂಬರ್ ೨೦೨೪

ಗೆಳೆಯ ಕ್ರಾಂತಿ,

ಹೇಗಿದ್ದೀಯ? ತಾಯಿ ಹುಲುಗಮ್ಮನವರ ಮೊಣಕಾಲು ನೋವು ಇಳಿಯಿತೇ? ಹಗರಿಬೊಮ್ಮನಹಳ್ಳಿಯ ಪಂದ್ಯ ಮುಗಿದು ತಿಂಗಳಾಯಿತು, ಅಂದೇ ಬರೆಯಬೇಕಿತ್ತು. ಪ್ರೆಸ್ಸಿನಲ್ಲಿ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ಧೈರ್ಯ ಬರಲಿಲ್ಲ, ಅಷ್ಟೇ. ಈಗ ಬರೆಯುತ್ತಿರುವುದೂ ನಿನ್ನಿಂದ ಒಂದು ಕೆಲಸ ಆಗಬೇಕಿದೆ ಅಂತ. ನಮ್ಮ ಆಟದ ಮಣ್ಣಿನ ಸಿಪಾಯಿಗಳನ್ನು ತೆಗೆಯುವ ಅಚ್ಚುಗಳು ನಿನ್ನ ಬಳಿಯೇ ಉಳಿದಿವೆ. ಕಳಿಸಿಕೊಡು.

ಗುಡೇಕೋಟೆಯ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ‘ಕೋಟೆ ಕಾಳಗ’ದ ಆಟ ಕಟ್ಟಿದ್ದು ನೆನಪಿದೆಯಾ? ಬೆರಳುದ್ದದ ಮಣ್ಣಿನ ಸಿಪಾಯಿಗಳನ್ನು ಮಾಡಿದವನು ನೀನು, ನಿಯಮ ಬರೆದವನೂ ನೀನು. ನಾನು ಮುದ್ರಿಸಿದೆ. ಮೂವತ್ತೆರಡು ಪುಟ, ನಲವತ್ತು ರೂಪಾಯಿ, ಎಲ್ಲ ದಂಡುಗಳ ನಿಯಮವೂ ಅದರಲ್ಲೇ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಎದ್ದರೆ ಎದುರಾಳಿ ಹೇಳಿದ್ದೇ ತೀರ್ಪು ಎಂಬುದು ಕೊನೆಯ ನಿಯಮ. “ಮೋಸ ಮಾಡಾಂವ ಒಂದ್ಸಲ ಮಾಡ್ತಾನ, ಆಮ್ಯಾಲೆ ಅವನ ಕೂಡ ಯಾರು ಆಡ್ತಾರಲೇ?” ಎಂದು ನೀನು ನಕ್ಕಿದ್ದೆ.

ಆ ನಲವತ್ತು ರೂಪಾಯಿಯಲ್ಲಿ ಕರೆಂಟ್ ಬಿಲ್ಲೂ ಹುಟ್ಟುತ್ತಿರಲಿಲ್ಲ. ಈಗ ನೋಡು, ದಪ್ಪ ರಟ್ಟಿನ ಮೂಲ ಪುಸ್ತಕ ಒಂಬೈನೂರು. ಒಂದೊಂದು ದಂಡಿಗೂ ಬೇರೆ ಪುಸ್ತಕ, ನಾಲ್ಕುನೂರು. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ, ಹಳೆಯದಕ್ಕೆ ಪಂದ್ಯದಲ್ಲಿ ಜಾಗವಿಲ್ಲ. ಹೊಸ ಸಿಪಾಯಿಗಳು ಮಾರಾಟವಾಗಲೆಂದು ಹಳೆಯವರ ಬಲ ಅರ್ಧಕ್ಕೆ ಇಳಿಸುತ್ತೇನೆ. ನಿನ್ನ ಆ ಕೊನೆಯ ನಿಯಮ ಕಿತ್ತುಹಾಕಿ ‘ಸಂದೇಹ ಪರಿಹಾರ’ ಎಂಬ ಕಿರುಪುಸ್ತಕ ಮಾಡಿದ್ದೇನೆ, ನೂರೈವತ್ತು. ಜನ ಬೈಯುತ್ತಲೇ ಕೊಳ್ಳುತ್ತಾರೆ. ಕೊಳ್ಳುತ್ತಾರಲ್ಲ, ನನಗೆ ಅಷ್ಟು ಸಾಕು.

ಪಂದ್ಯದ ದಿನ ನೀನು ಹಳೇ ಪುಸ್ತಕ ಹಿಡಿದು ಬಂದೆ. ಹೆಸರು ಬರೆಸಿಕೊಳ್ಳುವ ಮೇಜಿನಲ್ಲಿ ನಾನೇ ಕೂತಿದ್ದೆ.

“ಇದು ನಡ್ಯಂಗಿಲ್ಲ,” ಅಂದವನು ನಾನು.

“ಲೇ ಸ್ವಾಮಿ, ಇದನ್ನ ಬರದಾಂವ ನಾನs ಅದೀನಲೇ,” ಅಂದೆ ನೀನು.

“ಬರದೋರಿಗೂ ಅದೇ ರೂಲ್ಸು.”

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ನೀನು ಮೂಲ ಪುಸ್ತಕ, ದಂಡಿನ ಪುಸ್ತಕ ಎರಡನ್ನೂ ಕೊಂಡು ಮೊದಲ ಪುಟ ತೆರೆದೆ. ಲೇಖಕರು ಎಂಬಲ್ಲಿ ನನ್ನ ಹೆಸರು ಮಾತ್ರ ಇತ್ತು. ಊರೂರಲ್ಲಿ ಆಟಗಾರರು ನಿನ್ನನ್ನೇ ಕೇಳುತ್ತಿದ್ದರು, ನಾನು ಬರೀ ‘ಪ್ರೆಸ್ಸಿನವನು’. ನನಗೆ ಹೊಟ್ಟೆ ಉರಿಯುತ್ತಿತ್ತು ಕ್ರಾಂತಿ. ನೀನು ಪುಸ್ತಕ ಮುಚ್ಚಿ ಆಟದ ಮೇಜಿಗೆ ಹೋದೆ.

ಕೊನೆಯ ಸುತ್ತಿನಲ್ಲಿ ಹರಪನಹಳ್ಳಿಯ ಪಾಲಣ್ಣನ ಕುದುರೆಯೊಂದು ನಿನ್ನ ಕೋಟೆ ಬಾಗಿಲಲ್ಲೇ ಸತ್ತು ಬಿತ್ತು. ಹಿಂದಿನ ಕುದುರೆಗಳಿಗೆ ದಾರಿ ಉಂಟೋ ಇಲ್ಲವೋ? ನಿಮ್ಮಿಬ್ಬರ ಕೈಯಲ್ಲಿದ್ದ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ನೀನು ಹಳೇ ರೂಢಿಯಂತೆ, “ನೀ ಹೇಳಪಾ, ನಿನ್ನ ಮಾತs ತೀರ್ಪು,” ಅಂದುಬಿಟ್ಟೆ. ಅವನು ಆಟ ಕಲಿತದ್ದೇ ನಿನ್ನ ಆ ನಿಯಮವಿಲ್ಲದ ಮೂರನೇ ಆವೃತ್ತಿಯಿಂದ. “ದಾರಿ ಐತ್ರಿ ಸರ್,” ಎಂದು ನುಗ್ಗಿ ಕೋಟೆ ಹಿಡಿದ. ನೀನು ಅವನ ಕೈ ಕುಲುಕಿ, ಸಿಪಾಯಿಗಳನ್ನು ಮೇಜಿನ ಮೇಲೇ ಬಿಟ್ಟು ಕೂಡ್ಲಿಗಿ ಬಸ್ಸು ಹತ್ತಿದೆ.

ಅವು ನನ್ನ ಬಳಿ ಇವೆ. ಹಳೇ ಸಿಪಾಯಿಗಳು ಈಗ ಯಾರಿಗೂ ಬೇಡ. ಅದೇ ಅಚ್ಚಿನಲ್ಲಿ ಹೊಸ ಹೆಸರಿನ ದಂಡು ತೆಗೆಯಬೇಕು, ಅಚ್ಚುಗಳನ್ನು ಮಾತ್ರ ಮರೆಯದೆ ಕಳಿಸು. ಅಮ್ಮನಿಗೆ ನಮಸ್ಕಾರ ಹೇಳು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಕೊಟ್ರಸ್ವಾಮಿ

ತಾ.ಕ.: ಸತ್ತ ಕುದುರೆ ದಾರಿ ಕಟ್ಟುತ್ತದೆ. ‘ಸಂದೇಹ ಪರಿಹಾರ’ದ ಹನ್ನೊಂದನೇ ಪುಟದಲ್ಲಿದೆ. ಅದರಲ್ಲಿನ ಉತ್ತರಗಳೆಲ್ಲ ನೀನು ವರ್ಷಗಟ್ಟಲೆ ನನಗೆ ಬರೆದ ಪತ್ರಗಳಿಂದ ಎತ್ತಿದವು, ಇದೂ ನಿನ್ನದೇ ಮಾತು. ಪಾಲಣ್ಣ ತೀರ್ಪು ಹೇಳಿದಾಗ ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಪುಸ್ತಕ ನನ್ನ ಜೇಬಿನಲ್ಲೇ ಇತ್ತು. ನೀನು ಅದೊಂದನ್ನು ಕೊಂಡಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.