ಹಕ್ಕಿ ಒಪ್ಪಿದ ಕೋಟು

ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಆಸ್ಪತ್ರೆಯ ಪಾಳಿ ಮುಗಿಸಿ ಊಟ ಮಾಡದೆ ಮಲಗುವ ಚಾಳಿ ಬಿಟ್ಟಿದ್ದೀಯೋ ಇಲ್ಲವೋ? ರೋಗಿಗಳಿಗೆ ಬುದ್ಧಿ ಹೇಳುವ ನರ್ಸಮ್ಮನಿಗೆ ಬುದ್ಧಿ ಹೇಳುವವರು ಯಾರು ಎಂದು ನಿಮ್ಮಮ್ಮ ಕೇಳುತ್ತಿದ್ದಳು. ಇಲ್ಲಿ ಎಲ್ಲರೂ ಆರಾಮ. ನನ್ನ ಕನ್ನಡಕದ ನಂಬರ್ ಮಾತ್ರ ಏರಿದೆ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಸಾಕು ಸಾಕಾಗುತ್ತದೆ.

ಚಳಿ ತಡೆಯಲಾಗುತ್ತಿಲ್ಲ, ನನ್ನ ಹಸಿರು ಕೋಟು ಕಳಿಸಿ ಎಂದು ಬರೆದಿದ್ದೆಯಲ್ಲ, ಕಳಿಸಲಾಗುವುದಿಲ್ಲ. ಸಿಟ್ಟಾಗಬೇಡ, ಪೂರ್ತಿ ಕೇಳು. ನೀನು ಕಾಯುತ್ತಿದ್ದ ಮಂಗಟ್ಟೆ ಹಕ್ಕಿಯ ಗೂಡಿದೆಯಲ್ಲ, ಈಗ ನಮ್ಮ ಕಾಡಿನಲ್ಲಿ ಉಳಿದಿರುವುದು ಅದೊಂದೇ. ನೀನು ಹೋದ ಮೇಲೆ ಹೆಣ್ಣು ಹಕ್ಕಿ ಪೊಟರೆಯೊಳಗೆ ಸೇರಿ, ಬಾಗಿಲಿಗೆ ಮಣ್ಣು ಮೆತ್ತಿ ಗೋಡೆ ಕಟ್ಟಿಕೊಂಡು ಕೂತಿದೆ. ಒಂದು ಸೀಳಷ್ಟೇ ಬಿಟ್ಟಿದೆ. ಮರಿಯೂ ಆಗಿದೆ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಟ್ಟರೆ ಒಳಗಿನ ಎರಡಕ್ಕೂ ಊಟ, ಇಲ್ಲದಿದ್ದರೆ ಎರಡಕ್ಕೂ ಉಪವಾಸ. ಹೋದ ವರ್ಷ ಮರಿ ಕದ್ದರಲ್ಲ, ಅದಕ್ಕೆ ಹಕ್ಕಿ ಕಾಯುವ ನಿನ್ನ ಗುಂಪಿನವರು ಸರದಿಯಂತೆ ಮರದ ಕೆಳಗೆ ಕಾವಲು ಕೂರುತ್ತಾರೆ. ತಮಾಷೆಯೆಂದರೆ, ಕಾವಲಿನವರನ್ನು ಕಂಡೇ ಗಂಡಿಗೆ ದಿಗಿಲು. ಹಣ್ಣು ಕಚ್ಚಿಕೊಂಡು ಬಂದದ್ದು ಹಾಗೇ ತಿರುಗಿ ಹೋಗುತ್ತಿತ್ತು. ಒಂದು ದಿನ ಪೋಸ್ಟ್‌ಮ್ಯಾನ್ ಕಾವಲಿಗೆ ಹೊರಟವನು ಮಳೆಯಲ್ಲಿ ನೆನೆದು ನಮ್ಮ ಮನೆಗೆ ನುಗ್ಗಿದ. ನಿಮ್ಮಮ್ಮ ಗೂಟದಲ್ಲಿದ್ದ ನಿನ್ನ ಕೋಟು ಕೊಟ್ಟಳು. ಅದನ್ನು ಹಾಕಿಕೊಂಡು ಕೂತರೆ, ಹಕ್ಕಿ ಆರಾಮಾಗಿ ಬಂದು ಊಟ ಕೊಟ್ಟು ಹೋಯಿತಂತೆ! ಎರಡು ವರ್ಷ ಅದು ನಿನ್ನನ್ನು ಅದೇ ಕೋಟಿನಲ್ಲಿ ನೋಡಿದೆಯಲ್ಲ.

ಈಗ ಎಲ್ಲರಿಗೂ ಅದೇ ಸಮವಸ್ತ್ರ. ಕುಳ್ಳಿ ಹೆಡ್‌ಮೇಡಂಗೆ ಮೊಣಕಾಲು ಮುಟ್ಟುತ್ತದೆ. ಬೇಕರಿಯವನ ಹೊಟ್ಟೆಗೆ ಗುಂಡಿ ಹತ್ತುವುದಿಲ್ಲ, ಪಾಪ, ಉಸಿರು ಬಿಗಿಹಿಡಿದು ಕೂರುತ್ತಾನೆ. ಅದನ್ನು ಹೊಲಿಯುವಾಗ ಬಟ್ಟೆ ಸಾಲದೆ ನಾನು ಎಡತೋಳಿಗೆ ಕಂದು ತುಂಡು ಹಾಕಿದ್ದಕ್ಕೆ "ದರ್ಜಿ ಮಗಳಿಗೇ ಈ ಗತಿನಾ?" ಎಂದು ಊರೆಲ್ಲ ಆಡಿಕೊಂಡಿತ್ತು, ಈಗ ಅದೇ ತೋಳಿಗೆ ಕ್ಯೂ. ಅಂಥದ್ದೇ ಇನ್ನೊಂದು ಹೊಲಿದೂ ನೋಡಿದೆ, ಕಂದು ತೋಳು ಸಮೇತ. ಹೊಸ ಬಟ್ಟೆಯ ಹೊಳಪು ಹಿಡಿಸಲಿಲ್ಲವೋ ಏನೋ, ಹಕ್ಕಿ ಹತ್ತಿರವೂ ಸುಳಿಯಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಗಿರಾಕಿ ನನಗೆ ಸಿಕ್ಕಿರಲಿಲ್ಲ.

ನಿಮ್ಮಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಹಕ್ಕಿ ಮರಿಗೆ ಕಾವಲು, ನಿಮ್ಮ ಮಗಳಿಗೆ ಚಳಿ. ಚೆನ್ನಾಗಿದೆ ನ್ಯಾಯ!" ಎಂದವಳು ಆಮೇಲೆ ಬಾಯಿ ತೆರೆದಿಲ್ಲ. ಅವಳ ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ಮರಿ ಹಸಿದು ಸತ್ತರೆ ನಿನಗೆ ಹೇಗೆ ಮುಖ ತೋರಿಸಲಿ? ಈ ಪಾರ್ಸೆಲ್‌ನಲ್ಲಿ ಉಣ್ಣೆಯ ಹೊಸ ಕೋಟಿದೆ. ಎರಡು ತೋಳೂ ಒಂದೇ ಬಣ್ಣ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ರೂಮಿನ ಗೆಳತಿಗೂ ನಮ್ಮ ನೆನಪು ಹೇಳು.

ಇಂತಿ ನಿನ್ನ
ಅಪ್ಪ

ತಾ.ಕ.: ಪಾರ್ಸೆಲ್ ಕಟ್ಟುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಓಡಿ ಬಂದ. ಹೆಣ್ಣು ಗೋಡೆ ಒಡೆದು ಹೊರಗೆ ಬಂದಿದೆಯಂತೆ. ಮರಿಗೆ ಈಗ ಎರಡೂ ಸೇರಿ ಹಣ್ಣು ತರುತ್ತಿವೆ. ಮರಿಯ ಹಸಿವಿನ ಗಲಾಟೆಯಲ್ಲಿ, ಕೋಟಿಲ್ಲದವರನ್ನು ಕಂಡು ಹೆದರುವುದಕ್ಕೂ ಅವಕ್ಕೆ ಪುರುಸೊತ್ತಿಲ್ಲವಂತೆ. ನಿನ್ನ ಕೋಟು ಬಿಚ್ಚಿ ಮೇಜಿನ ಮೇಲಿಟ್ಟು ಹೋದ. ನಿಮ್ಮಮ್ಮ ಕೊನೆಗೂ ಬಾಯಿಬಿಟ್ಟು "ಇದನ್ನೂ ಸೇರಿಸಿ ಕಟ್ಟಿ" ಎಂದಳು. ಎರಡು ಸಲ ಮಡಿಸಿದೆ, ಕಳಿಸಲು ಮನಸ್ಸು ಬರಲಿಲ್ಲ. ಬೀದಿಯ ತುದಿಯಲ್ಲಿ ಇದನ್ನು ಹಾಕಿಕೊಂಡು ಯಾರು ಬಂದರೂ, ನೀನೇ ಬಂದೆಯೆಂದು ಮಷಿನ್ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದೆ. ನಿನ್ನನ್ನು ನೋಡಬೇಕು ಪುಟ್ಟೀ. ಕೋಟು ಬೇಕಿದ್ದರೆ ನೀನೇ ಬಂದು ತಗೊಂಡು ಹೋಗು.